ಹಳೇ ರೇಸ್ ಟೈರ್ ಮತ್ತೆ ಹಾಕಬಹುದಾ?

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಒಂದು ಕೆಲಸ ಇದೆ. ಈ ಎರಡು ರಬ್ಬರ್ ತುಂಡುಗಳನ್ನು ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೂ ದಾಟಿಸುತ್ತಾ ಹೋಗಿ. ಎರಡೂ ರೇಸ್ ಬೈಕಿನ ಮುಂದಿನ ಚಕ್ರದ ಸ್ಲಿಕ್, ಅಂದರೆ ಗೆರೆಗಳೇ ಇಲ್ಲದ ನುಣುಪು ಟೈರಿನಿಂದ ಕತ್ತರಿಸಿದ್ದು. ಒಂದೇ ಕಂಪನಿ, ಒಂದೇ ಅಳತೆ, ಒಂದೇ ಕಾಂಪೌಂಡ್, ಅಂದರೆ ಒಂದೇ ರಬ್ಬರ್ ಮಿಶ್ರಣ. ಒಂದಕ್ಕೆ ಇನ್ನೂ ಒಂದು ವರ್ಷ ತುಂಬಿಲ್ಲ. ಇನ್ನೊಂದು ನನ್ನ ಕೈಗೆ ಬಂದಾಗಲೇ ಏಳು ವರ್ಷದ್ದು. ಮೊದಲು ಬರೀ ಕಣ್ಣಲ್ಲಿ ನೋಡಿ, ಯಾವುದು ಹಳೆಯದು ಅಂತ ಹೇಳಿ. ಆಮೇಲೆ ಒತ್ತಿ ನೋಡಿ.

ಕಣ್ಣಿಗೆ ಗೊತ್ತಾಗುವುದಿಲ್ಲ, ಅಲ್ವಾ? ಎರಡೂ ಕಪ್ಪು, ಎರಡೂ ನುಣುಪು, ಒಂದರಲ್ಲೂ ಬಿರುಕಿಲ್ಲ. ಆದರೆ ಹೆಬ್ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ಹೊಸ ತುಂಡಿನಲ್ಲಿ ಉಗುರು ಸಲೀಸಾಗಿ ಇಳಿಯುತ್ತದೆ, ಬೆರಳಿಗೆ ಸ್ವಲ್ಪ ಅಂಟಿದ ಹಾಗೂ ಆಗುತ್ತದೆ. ಹಳೆಯದು ಚಪ್ಪಲಿಯ ಅಟ್ಟೆ ಇದ್ದ ಹಾಗಿದೆ. ಮೇಜಿನ ಮೇಲೆ ಹಾಕಿದರೆ ಹೊಸದು ಸದ್ದಿಲ್ಲದೆ ಬೀಳುತ್ತದೆ, ಹಳೆಯದು ಟಕ್ ಅನ್ನುತ್ತದೆ.

ಈ ಹಳೇ ತುಂಡು ನನ್ನನ್ನು ಬೀಳಿಸಿದ ಟೈರಿನದು. ಅದು ನನಗೆ ಸಿಕ್ಕಿದಾಗ ಮೇಲೆ ಪ್ಲಾಸ್ಟಿಕ್ ಸುತ್ತಿತ್ತು. ಒಮ್ಮೆಯೂ ರಿಮ್ ಹತ್ತಿರಲಿಲ್ಲ. ತಾರೀಖು ನೋಡಿದ್ದೆ, ಏಳು ವರ್ಷ ಆಗಿದೆ ಅಂತ ಗೊತ್ತಿತ್ತು. ‘ಬಳಸೇ ಇಲ್ಲವಲ್ಲ, ಏನಾಗುತ್ತೆ?’ ಅಂತ ಹಾಕಿಕೊಂಡೆ. ಟೈರ್ ಕಾಯಿಸುವ ಕರೆಂಟ್ ಹೊದಿಕೆ, ಅಂದರೆ ವಾರ್ಮರ್, ಸುತ್ತಿ ಒಂದು ಗಂಟೆ ಬಿಸಿ ಮಾಡಿದೆ. ಮೂರು ಲ್ಯಾಪ್ ಚೆನ್ನಾಗಿಯೇ ಓಡಿತು. ನಾಲ್ಕನೇ ಲ್ಯಾಪಿನಲ್ಲಿ ಸಾಲಾಗಿ ಬರುವ ಬಲ ತಿರುವುಗಳು ಮುಗಿದು ಒಂದು ಎಡ ತಿರುವು ಬಂತು. ಅಷ್ಟು ಹೊತ್ತು ಟೈರಿನ ಎಡ ಭಾಗ ನೆಲ ಮುಟ್ಟಿರಲಿಲ್ಲ, ಆರಿತ್ತು. ಬೈಕ್ ವಾಲಿಸಿದೆ, ಬ್ರೇಕ್ ನಿಧಾನಕ್ಕೆ ಬಿಡುತ್ತಿದ್ದೆ. ಮುಂದಿನ ಚಕ್ರ ಒಳಕ್ಕೆ ಮಡಚಿಕೊಂಡಿತು. ಭುಜ ನೆಲಕ್ಕೆ ಬಡಿದ ಮೇಲೆಯೇ ಬಿದ್ದಿದ್ದೇನೆ ಅಂತ ಗೊತ್ತಾಗಿದ್ದು.

ಕಾಲರ್ ಬೋನ್ ಮುರಿಯಿತು, ಕೂಡಿಕೊಂಡಿತು. ಅದನ್ನು ಹೇಳಲು ಇಲ್ಲಿ ನಿಂತಿಲ್ಲ. ಅವತ್ತಿನಿಂದ ಇವತ್ತಿನವರೆಗೂ ನನ್ನನ್ನು ಕಾಡುವುದು ಬೇರೆ ವಿಷಯ. ಆ ಟೈರ್ ನನಗೆ ಒಂದು ಮಾತೂ ಹೇಳಲಿಲ್ಲ.

ಟ್ರ್ಯಾಕ್‌ನಲ್ಲಿ ಬೈಕ್ ಓಡಿಸುವವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಒಳ್ಳೆ ಟೈರ್ ಬಿಡುವ ಮುಂಚೆ ತಿಳಿಸುತ್ತದೆ. ಮುಂದಿನ ಟೈರಾದರೆ ಹ್ಯಾಂಡಲ್ ಸ್ವಲ್ಪ ಹಗುರವಾಗುತ್ತದೆ, ಬೈಕ್ ನೀವು ಅಂದುಕೊಂಡ ಗೆರೆಗಿಂತ ಒಂದು ಗೇಣು ಹೊರಗೆ ಹೋಗುತ್ತದೆ. ಹಿಂದಿನ ಟೈರಾದರೆ ಸೀಟಿನ ಕೆಳಗೆ ಏನೋ ನಿಧಾನವಾಗಿ ಜರುಗಿದ ಹಾಗಾಗುತ್ತದೆ. ಆಗ ನೀವು ಸ್ವಲ್ಪ ಕೈ ಸಡಿಲ ಮಾಡುತ್ತೀರಿ, ಅದು ಮತ್ತೆ ಹಿಡಿಯುತ್ತದೆ. ಈ ಮಾತುಕತೆ ಪ್ರತಿ ತಿರುವಿನಲ್ಲೂ ನಡೆಯುತ್ತಿರುತ್ತದೆ. ಹಳೇ ರೇಸ್ ಟೈರ್ ಮೊದಲು ಕಳೆದುಕೊಳ್ಳುವುದು ಈ ಮಾತನ್ನು. ಹಿಡಿತ ಇರುವಷ್ಟು ಹೊತ್ತು ಇರುತ್ತದೆ. ಆಮೇಲೆ ಒಂದೇ ಸಲಕ್ಕೆ ಇರುವುದಿಲ್ಲ.

‘ಹಳೇ ರೇಸ್ ಟೈರ್ ಸೇಫಾ?’ ಅಂತ ಕೇಳುವವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿರುವುದು ಒಡೆಯುವ ಭಯ. ಪಟ್ ಅಂತ ಸಿಡಿದರೆ ಗತಿಯೇನು ಅಂತ. ಸಿಡಿಯುವ ಟೈರೂ ಇದೆ, ಅದಕ್ಕೂ ಬರುತ್ತೇನೆ. ಆದರೆ ನಾನು ಟ್ರ್ಯಾಕ್‌ನಲ್ಲಿ ನೋಡಿದ, ಬೈಕ್ ಬಿದ್ದ ಪ್ರಸಂಗಗಳಲ್ಲಿ ಟೈರ್ ಸಿಡಿದಿದ್ದು ತೀರಾ ಅಪರೂಪ. ಬಿದ್ದ ಮೇಲೆ ಎತ್ತಿ ನೋಡಿದರೆ ಟೈರ್‌ನಲ್ಲಿ ಗಾಳಿ ಹಾಗೇ ಇರುತ್ತದೆ, ಮೈ ಮೇಲೆ ಒಂದು ಗಾಯವೂ ಇರುವುದಿಲ್ಲ. ಅದನ್ನೇ ನೋಡಿ ‘ಟೈರ್ ಚೆನ್ನಾಗಿದೆ, ನನ್ನದೇ ತಪ್ಪು’ ಅಂದುಕೊಂಡು ಮತ್ತೆ ಅದರಲ್ಲೇ ಹೊರಟವರನ್ನೂ ನೋಡಿದ್ದೇನೆ.

ರಬ್ಬರ್ ಯಾಕೆ ಹೀಗಾಗುತ್ತದೆ?

ಬರೀ ಹಸಿ ರಬ್ಬರ್ ಯಾವ ಕೆಲಸಕ್ಕೂ ಬರುವುದಿಲ್ಲ. ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಬೆರೆಸಿ ಕಾಯಿಸಿದಾಗ ಗಟ್ಟಿಯೂ ಆಗಿ, ಎಳೆದರೆ ಹಿಗ್ಗಿ ವಾಪಸ್ ಬರುವ ವಸ್ತು ಸಿಕ್ಕಿತು. ರಬ್ಬರಿನ ಉದ್ದುದ್ದ ಎಳೆಗಳ ನಡುವೆ ಗಂಧಕ ಅಲ್ಲಲ್ಲಿ ಗಂಟು ಹಾಕುತ್ತದೆ. ಗಂಟು ಕಡಿಮೆಯಾದರೆ ರಬ್ಬರ್ ಮೆತ್ತಗೆ, ಜಾಸ್ತಿಯಾದರೆ ಬಿರುಸು. ಟೈರ್ ಮಾಡುವವರ ಜಾಣ್ಮೆಯೆಲ್ಲ ಈ ಗಂಟುಗಳ ಲೆಕ್ಕದಲ್ಲಿದೆ.

ತೊಂದರೆ ಏನೆಂದರೆ, ಟೈರ್ ಕಾರ್ಖಾನೆಯಿಂದ ಹೊರಗೆ ಬಂದ ಮೇಲೂ ಈ ಗಂಟು ಹಾಕುವ ಕೆಲಸ ನಿಲ್ಲುವುದಿಲ್ಲ. ಉಳಿದ ಗಂಧಕ ನಿಧಾನವಾಗಿ ಹೊಸ ಗಂಟು ಹಾಕುತ್ತಲೇ ಇರುತ್ತದೆ. ಗಾಳಿಯಲ್ಲಿರುವ ಆಮ್ಲಜನಕವೂ ಒಳಗೆ ಸೇರಿಕೊಂಡು ಎಳೆಗಳನ್ನು ಕೆಲವು ಕಡೆ ಕಡಿಯುತ್ತದೆ, ಕೆಲವು ಕಡೆ ಬೆಸೆಯುತ್ತದೆ. ಇದೆಲ್ಲಕ್ಕೂ ಶಾಖ ಸಿಕ್ಕರೆ ವೇಗ ಹೆಚ್ಚುತ್ತದೆ. ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿದ ಹಾಗೆ ಇಂಥ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ ಅನ್ನುವುದು ಒಂದು ಒರಟು ಲೆಕ್ಕ. ಹಾಗಾಗಿ ತಗಡಿನ ಶೀಟಿನ ಕೆಳಗೆ 40 ಡಿಗ್ರಿಯಲ್ಲಿ ಕೂತ ಟೈರೂ 20 ಡಿಗ್ರಿಯ ತಂಪು ಕೋಣೆಯಲ್ಲಿದ್ದ ಟೈರೂ ಒಂದೇ ದಿನ ಹುಟ್ಟಿದ್ದರೂ ಒಂದೇ ವಯಸ್ಸಿನವಲ್ಲ.

ಇನ್ನೊಂದು ವಿಷಯ ಎಣ್ಣೆ. ರಬ್ಬರನ್ನು ಮೆತ್ತಗಿಡಲು ಕಾಂಪೌಂಡ್‌ನಲ್ಲಿ ಎಣ್ಣೆ, ರಾಳದಂಥ ವಸ್ತುಗಳನ್ನು ಬೆರೆಸಿರುತ್ತಾರೆ. ರೇಸ್ ಟೈರಿನ ಹಿಡಿತಕ್ಕೆ ಇವು ಬಹಳ ಮುಖ್ಯ. ಕಾಲ ಕಳೆದ ಹಾಗೆ, ಬಿಸಿಯಾದಾಗಲೆಲ್ಲ, ಅವು ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುತ್ತವೆ. ಹೋದದ್ದು ವಾಪಸ್ ಬರುವುದಿಲ್ಲ.

ಟೈರ್ ಹೇಗೆ ನೆಲ ಹಿಡಿಯುತ್ತದೆ ಅಂತ ಒಂದು ಕ್ಷಣ ಯೋಚಿಸಿ. ಡಾಂಬರಿನ ಮೇಲ್ಮೈ ದೂರದಿಂದ ಸಮ, ಹತ್ತಿರ ಹೋದರೆ ಚಿಕ್ಕ ಚಿಕ್ಕ ಕಲ್ಲಿನ ತುದಿಗಳು. ರಬ್ಬರ್ ಆ ತುದಿಗಳ ಸುತ್ತ ಇಳಿದು, ಸಂದು ತುಂಬಿ, ಅಂಟಿಕೊಂಡು, ಬಿಡಿಸಿಕೊಂಡು ಮುಂದೆ ಹೋಗಬೇಕು. ಅಂಗೈಗಿಂತ ದೊಡ್ಡದಲ್ಲದ ಜಾಗದಲ್ಲಿ ಇಷ್ಟೆಲ್ಲ ನಡೆಯುತ್ತದೆ. ರಬ್ಬರ್ ಗಟ್ಟಿಯಾದರೆ ಕಲ್ಲಿನ ತುದಿಗಳ ಮೇಲೆ ಕೂರುತ್ತದೆ, ಒಳಗೆ ಇಳಿಯುವುದಿಲ್ಲ.

ಸಂದು ತುಂಬದ ರಬ್ಬರ್ ಏನು ಮಾಡಬಲ್ಲದು ಅನ್ನುವುದಕ್ಕೆ ನನಗೆ ಯಾವಾಗಲೂ ನೆನಪಾಗುವುದು 1986ರ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತ. ರಾಕೆಟ್ ಮೇಲೆದ್ದ 73ನೇ ಸೆಕೆಂಡಿಗೆ ನೌಕೆ ಒಡೆದು ಏಳು ಜನರ ಜೀವ ಹೋಯಿತು. ರಾಕೆಟ್ಟಿನ ಜೋಡಣೆಯ ಸಂದನ್ನು ಮುಚ್ಚಬೇಕಿದ್ದ ರಬ್ಬರ್ ಉಂಗುರ ಸರಿಯಾಗಿ ಮುಚ್ಚಿರಲಿಲ್ಲ. ವಿಚಾರಣೆಯ ಹೊತ್ತಿಗೆ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅದೇ ಬಗೆಯ ರಬ್ಬರ್ ಉಂಗುರದ ತುಂಡನ್ನು ಕ್ಲಾಂಪಿನಲ್ಲಿ ಬಿಗಿದು ಐಸ್ ನೀರಿನ ಲೋಟದಲ್ಲಿ ಇಟ್ಟರು. ತೆಗೆದು ಕ್ಲಾಂಪ್ ಬಿಚ್ಚಿದರೆ ರಬ್ಬರ್ ತಕ್ಷಣ ಮೊದಲಿನ ಆಕಾರಕ್ಕೆ ಬರಲಿಲ್ಲ. ಬಣ್ಣ ಅದೇ, ರೂಪ ಅದೇ, ಆದರೆ ತುಂಬಬೇಕಾದ ಸಂದನ್ನು ತುಂಬುವ ಚುರುಕು ಹೋಗಿತ್ತು. ಅಲ್ಲಿ ಕಾರಣ ಚಳಿ. ನಮ್ಮ ಟೈರಿನಲ್ಲಿ ಎಣ್ಣೆ ಹೋಗಿ ಗಂಟು ಹೆಚ್ಚಿದಾಗ, ಸಾಧಾರಣ ಹವೆಯಲ್ಲೂ ಅದು ಚಳಿಯಲ್ಲಿರುವ ರಬ್ಬರಿನ ಹಾಗೆ ನಡೆದುಕೊಳ್ಳುತ್ತದೆ. ನನ್ನ ಟೈರಿನ ಆರಿದ ಎಡ ಭಾಗದಲ್ಲಿ ಆದದ್ದು ಅದೇ.

ರಸ್ತೆ ಟೈರಿಗೂ ವಯಸ್ಸಾಗುತ್ತದೆ. ಆದರೆ ಅದನ್ನು ಮಾಡುವವರು ವರ್ಷಗಟ್ಟಲೆ ಬಾಳಬೇಕು ಅಂತಲೇ ಮಾಡಿರುತ್ತಾರೆ. ಮಿಶೆಲಿನ್ ಕಂಪನಿ ರಸ್ತೆ ಟೈರಿಗೆ ಹೇಳುವ ಮಾತು ಹೀಗಿದೆ: ಐದು ವರ್ಷ ಬಳಸಿದ ಮೇಲೆ ವರ್ಷಕ್ಕೊಮ್ಮೆಯಾದರೂ ತಿಳಿದವರಿಂದ ಪರೀಕ್ಷೆ ಮಾಡಿಸಿ, ತಯಾರಾಗಿ 10 ವರ್ಷ ಆದರೆ ಸವೆಯದಿದ್ದರೂ ಬದಲಿಸಿ. ಈ 10 ವರ್ಷದ ಮಾತನ್ನು ಹಿಡಿದುಕೊಂಡು ‘ನನ್ನ ಸ್ಲಿಕ್‌ಗೆ ಇನ್ನೂ ಆರೇ ವರ್ಷ’ ಅನ್ನುವವರಿದ್ದಾರೆ. ಆ ಲೆಕ್ಕ ಸ್ಲಿಕ್‌ಗೆ ಅಲ್ಲ. ಸ್ಲಿಕ್‌ನ ಆಯುಷ್ಯವನ್ನು ಲ್ಯಾಪಿನಲ್ಲಿ ಎಣಿಸುತ್ತಾರೆ.

ಎಷ್ಟರ ಮಟ್ಟಿಗೆ ಅಂದರೆ, 2013ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಫಿಲಿಪ್ ಐಲ್ಯಾಂಡ್‌ನಲ್ಲಿ ಮೋಟೋಜಿಪಿ, ಅಂದರೆ ಬೈಕ್ ರೇಸಿನ ವಿಶ್ವ ಚಾಂಪಿಯನ್‌ಶಿಪ್‌ನ ಒಂದು ರೇಸ್ ಇತ್ತು. ಟ್ರ್ಯಾಕ್‌ಗೆ ಆಗಷ್ಟೇ ಹೊಸ ಡಾಂಬರು ಹಾಕಿದ್ದರು, ಹಿಡಿತ ಜಾಸ್ತಿ, ಹಾಗಾಗಿ ಶಾಖವೂ ಜಾಸ್ತಿ. ಅಭ್ಯಾಸದಲ್ಲಿ ಹಿಂದಿನ ಟೈರುಗಳು ಬೊಬ್ಬೆ ಏಳತೊಡಗಿದವು. ಬ್ರಿಜ್‌ಸ್ಟೋನ್‌ನ ಹೊಚ್ಚ ಹೊಸ ಟೈರುಗಳು ಅವು. ಕೊನೆಗೆ 27 ಲ್ಯಾಪಿನ ರೇಸನ್ನು 19ಕ್ಕೆ ಇಳಿಸಿ, ಒಂದೇ ಟೈರಿನಲ್ಲಿ 10 ಲ್ಯಾಪಿಗಿಂತ ಜಾಸ್ತಿ ಓಡಬಾರದು, ಮಧ್ಯೆ ಬೈಕ್ ಬದಲಿಸಲೇಬೇಕು ಅಂದರು. ಆ ನಿಯಮ ತಪ್ಪಿದ್ದಕ್ಕೆ, ಆ ವರ್ಷ ಅಂಕಪಟ್ಟಿಯಲ್ಲಿ ಮುಂದಿದ್ದ ಸವಾರ ಮಾರ್ಕ್ ಮಾರ್ಕೆಜ್ ಅವರನ್ನೇ ರೇಸಿನಿಂದ ಹೊರಗೆ ಹಾಕಿದರು. ಜಗತ್ತಿನ ಅತಿ ದೊಡ್ಡ ಬೈಕ್ ರೇಸಿನಲ್ಲಿ, ಹೊಸ ಟೈರಿನ ವಿಷಯದಲ್ಲೇ, ಲ್ಯಾಪ್ ಲ್ಯಾಪಿಗೆ ಇಷ್ಟು ಎಚ್ಚರ. ನಾವು ಮೂಲೆಯಲ್ಲಿ ಬಿದ್ದಿದ್ದನ್ನು ಎತ್ತಿ ಹಾಕಿಕೊಳ್ಳುತ್ತೇವೆ.

ಹೀಟ್ ಸೈಕಲ್ ಅನ್ನುವ ಮಾತನ್ನು ಕೇಳಿರುತ್ತೀರಿ. ಟೈರ್ ಒಮ್ಮೆ ಓಡುವ ಬಿಸಿಗೆ ಬಂದು ಮತ್ತೆ ಪೂರ್ತಿ ಆರಿದರೆ ಒಂದು ಹೀಟ್ ಸೈಕಲ್. ಪ್ರತಿ ಸಲವೂ ಕಾರ್ಖಾನೆಯಲ್ಲಿ ಆದದ್ದೇ ಸ್ವಲ್ಪ ಮುಂದುವರಿಯುತ್ತದೆ. ಇನ್ನಷ್ಟು ಗಂಟು, ಇನ್ನಷ್ಟು ಎಣ್ಣೆ ನಷ್ಟ. ಟ್ರ್ಯಾಕ್‌ನಲ್ಲಿ ಒಂದೊಂದೇ ಸೆಷನ್ ಓಡಿಸಿ, ಮಧ್ಯೆ ಗಂಟೆಗಟ್ಟಲೆ ಆರಲು ಬಿಟ್ಟು, ಸಂಜೆಯ ಹೊತ್ತಿಗೆ ‘ಬೆಳಿಗ್ಗೆ ಇದ್ದ ಗ್ರಿಪ್ ಇಲ್ಲ’ ಅನ್ನುತ್ತೇವಲ್ಲ, ಅದಕ್ಕೆ ಇದೂ ಒಂದು ಕಾರಣ. ರಬ್ಬರ್ ಇನ್ನೂ ದಪ್ಪಕ್ಕೆ ಉಳಿದಿರುತ್ತದೆ, ಆದರೆ ಸತ್ವ ಹೋಗಿರುತ್ತದೆ. ಅದಕ್ಕೇ ತಂಡಗಳು ಸೆಷನ್ ಮಧ್ಯೆ ಟೈರ್ ಆರದ ಹಾಗೆ ವಾರ್ಮರ್ ಸುತ್ತಿಡುತ್ತವೆ.

ವಾರ್ಮರ್ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಸಾಮಾನ್ಯವಾಗಿ 80 ಡಿಗ್ರಿಯ ಆಸುಪಾಸಿಗೆ ಕಾಯಿಸುತ್ತಾರೆ. ಹಳೇ ಟೈರನ್ನೂ ಅಷ್ಟು ಕಾಯಿಸಿದರೆ ಮೆತ್ತಗಾಗುತ್ತದೆ. ಉಗುರು ಒತ್ತಿದರೆ ಇಳಿಯುತ್ತದೆ, ಮನಸ್ಸಿಗೆ ಧೈರ್ಯ ಬರುತ್ತದೆ. ಅದು ವಾರ್ಮರ್ ಕೊಟ್ಟ ಮೆತ್ತನೆತನ. ಟ್ರ್ಯಾಕ್‌ಗೆ ಇಳಿದ ಮೇಲೆ ಟೈರ್ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಬೇಕು. ನೆಲಕ್ಕೆ ಒತ್ತಿಕೊಂಡು ಬಗ್ಗಿ, ಎದ್ದು, ಉಜ್ಜಿಕೊಂಡರೆ ಬಿಸಿ ಹುಟ್ಟುತ್ತದೆ. ಗಟ್ಟಿಯಾದ ರಬ್ಬರ್ ಅಷ್ಟು ಬಗ್ಗುವುದಿಲ್ಲ, ಅಷ್ಟು ಬಿಸಿಯೂ ಆಗುವುದಿಲ್ಲ. ಬಿಸಿಯಾಗದ್ದರಿಂದ ಇನ್ನೂ ಗಟ್ಟಿಯಾಗುತ್ತದೆ. ನನ್ನ ಮೊದಲ ಮೂರು ಲ್ಯಾಪ್ ವಾರ್ಮರ್‌ನ ಸಾಲದಲ್ಲಿ ಓಡಿದ್ದು.

ಹಿಡಿತ ಸ್ವಲ್ಪ ಕಡಿಮೆಯಾದರೆ ಏನು ಮಹಾ ಅಂತ ಕೆಲವರು ಕೇಳುತ್ತಾರೆ. ಒಂದು ಚಿಕ್ಕ ಲೆಕ್ಕ ನೋಡಿ. ಟೈರಿನ ಅಗಲವನ್ನು ಬದಿಗಿಟ್ಟರೆ, 45 ಡಿಗ್ರಿ ವಾಲಿದ ಬೈಕಿಗೆ ಬೇಕಾದ ಪಕ್ಕದ ಹಿಡಿತ ಬೈಕಿನ ಭಾರದಷ್ಟೇ. ಅಂದರೆ ಭಾರಕ್ಕೆ ಒಂದಕ್ಕೊಂದು. 30 ಡಿಗ್ರಿಗೆ 0.58 ಸಾಕು. 55 ಡಿಗ್ರಿಗೆ 1.43 ಬೇಕು. ಕೊನೆಯ 10 ಡಿಗ್ರಿಗೆ ಎಷ್ಟು ಏರಿತು ನೋಡಿ. ರೇಸ್ ಟೈರ್ ಇರುವುದೇ ಆ ಕೊನೆಯ ಡಿಗ್ರಿಗಳಿಗಾಗಿ. ಟೈರಿನ ಹಿಡಿತ 0.8ಕ್ಕೆ ಇಳಿದರೆ ನೀವು 39 ಡಿಗ್ರಿಯ ಹತ್ತಿರಕ್ಕೇ ಬಿದ್ದಿರುತ್ತೀರಿ. ಅದೂ ಬ್ರೇಕ್ ಹಿಡಿಯದೆ, ಆಕ್ಸಿಲರೇಟರ್ ತಿರುಗಿಸದೆ ಇದ್ದರೆ. ನಿಮ್ಮ ಕಣ್ಣು, ಕೈ, ಮೊಣಕಾಲು ಎಲ್ಲಕ್ಕೂ 50 ಡಿಗ್ರಿ ಅಭ್ಯಾಸವಾಗಿರುತ್ತದೆ. ಟೈರಿಗೆ ಮಾತ್ರ ಅದು ಗೊತ್ತಿಲ್ಲ.

ಮುಂದಿನ ಟೈರ್ ಕೈ ಕೊಟ್ಟರೆ ಬೈಕ್ ಕೆಳಗೆ ಜಾರಿ ಹೋಗುತ್ತದೆ, ನೀವು ಅದರ ಹಿಂದೆ ಜಾರುತ್ತೀರಿ. ಇದು ಲೋಸೈಡ್. ಹಿಂದಿನ ಟೈರ್ ಕೈ ಕೊಟ್ಟರೆ ಕಥೆಯೇ ಬೇರೆ. ಅದು ಜಾರಿ, ಪಕ್ಕಕ್ಕೆ ಹೋಗಿ, ಮತ್ತೆ ತಟ್ಟನೆ ನೆಲ ಹಿಡಿದರೆ ಬೈಕ್ ಎದ್ದು ನಿಂತು ಸವಾರನನ್ನು ಮೇಲಕ್ಕೆ ಎಸೆಯುತ್ತದೆ. ಹೈಸೈಡ್ ಅನ್ನುವುದು ಇದಕ್ಕೇ. ಮೆತ್ತನೆ ಟೈರ್ ಜಾರಿದರೂ ಹದವಾಗಿ ಜಾರುತ್ತದೆ, ಹದವಾಗಿ ಹಿಡಿಯುತ್ತದೆ. ಗಟ್ಟಿ ಟೈರ್‌ಗೆ ಆ ಹದವಿಲ್ಲ. ಬಿಡುವುದೂ ತಟ್ಟನೆ, ಹಿಡಿಯುವುದೂ ತಟ್ಟನೆ. ಹಳೇ ಹಿಂದಿನ ಟೈರ್ ಹಾಕಿ ‘ನಿಧಾನಕ್ಕೆ ಓಡಿಸುತ್ತೇನೆ ಬಿಡಿ’ ಅನ್ನುವವರಿಗೆ ನಾನು ಕೈ ಮುಗಿದು ಹೇಳುವುದು ಇದನ್ನೇ.

ಈಗ ಒಡೆಯುವ ಮಾತು. ಟೈರ್ ಅಂದರೆ ಬರೀ ರಬ್ಬರ್ ಅಲ್ಲ. ಒಳಗೆ ನೂಲಿನ ಪದರಗಳಿವೆ, ಕೆಲವದರಲ್ಲಿ ಉಕ್ಕಿನ ತಂತಿಯ ಪಟ್ಟಿ ಇದೆ, ರಿಮ್ ಹಿಡಿಯುವ ಅಂಚಿನಲ್ಲಿ ಬೀಡ್ ತಂತಿ ಇದೆ. ಇವನ್ನೆಲ್ಲ ಹಿಡಿದಿಟ್ಟಿರುವುದು ರಬ್ಬರೇ. ಹಿಂದಿನ ಚಕ್ರದ ಸುತ್ತಳತೆ ಸುಮಾರು 2 ಮೀಟರ್. ಗಂಟೆಗೆ 200 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 28 ಸಲ ಸುತ್ತುತ್ತದೆ. ಟೈರಿನ ಪ್ರತಿಯೊಂದು ಜಾಗವೂ ಸೆಕೆಂಡಿಗೆ ಸುಮಾರು 28 ಸಲ ನೆಲಕ್ಕೆ ಒತ್ತಿಕೊಂಡು, ಬಗ್ಗಿ, ಮತ್ತೆ ನೆಟ್ಟಗಾಗುತ್ತದೆ. ಬಿರುಸಾದ ರಬ್ಬರಿಗೆ ಈ ಕೆಲಸ ಮಾಡಲು ಆಗುವುದಿಲ್ಲ. ಪದರಗಳ ನಡುವೆ ಬಿಟ್ಟುಕೊಳ್ಳಬಹುದು. ಪಕ್ಕದ ಗೋಡೆಯ ಬುಡದಲ್ಲಿ, ರಿಮ್ಮಿನ ಅಂಚಿಗೆ ಹತ್ತಿರ, ಕೂದಲೆಳೆಯಂಥ ಬಿರುಕು ಕಂಡರೆ ಮುಂದಿನ ಯೋಚನೆ ಬೇಡ, ಆ ಟೈರ್ ಮುಗಿಯಿತು. ಮತ್ತೆ ಮತ್ತೆ ರಿಮ್‌ಗೆ ಹಾಕಿ ತೆಗೆದ ಟೈರಿನ ಬೀಡ್ ಹರಿದಿರಬಹುದು. ಅದನ್ನು ಬೆರಳಿಂದ ಸುತ್ತಲೂ ಸವರಿಯೇ ನೋಡಬೇಕು.

ಹಳೇ ಟೈರ್ ಎಷ್ಟು ಗಂಭೀರ ವಿಷಯ ಅನ್ನುವುದಕ್ಕೆ ಕಾರಿನ ಒಂದು ಉದಾಹರಣೆ ಸಾಕು. 2013ರ ನವೆಂಬರ್‌ನಲ್ಲಿ ಅಮೆರಿಕದ ನಟ ಪಾಲ್ ವಾಕರ್ ಅಪಘಾತದಲ್ಲಿ ತೀರಿಕೊಂಡರು. ಅವರು ಕೂತಿದ್ದ ಪೋರ್ಶೆ ಕಾರಿನ ಟೈರುಗಳಿಗೆ ಒಂಬತ್ತು ವರ್ಷ ಆಗಿತ್ತು. ಅತಿ ವೇಗ ಮುಖ್ಯ ಕಾರಣ ಅಂದ ತನಿಖೆಯವರು ಟೈರಿನ ವಯಸ್ಸನ್ನೂ ಎತ್ತಿ ಹೇಳಿದರು. ಕಾರಿಗೆ ನಾಲ್ಕು ಚಕ್ರ ಇರುತ್ತದೆ, ಸುತ್ತ ಕಬ್ಬಿಣ ಇರುತ್ತದೆ. ಬೈಕಿನಲ್ಲಿ ನಾವೇ ಬಂಪರ್.

ಹಾಗಾದರೆ ಕೈಯಲ್ಲಿರುವ ಟೈರನ್ನು ಹೇಗೆ ನೋಡಬೇಕು? ಮೊದಲು ತಾರೀಖು. ಪಕ್ಕದ ಗೋಡೆಯ ಮೇಲೆ ಡಿಒಟಿ (DOT) ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 3516 ಅಂದರೆ 2016ನೇ ಇಸವಿಯ 35ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಮುಂಚಿನದು, ಅದನ್ನು ಗೋಡೆಗೆ ನೇತುಹಾಕಿ ನೋಡಬಹುದು ಅಷ್ಟೇ. ಕೆಲವು ಸ್ಲಿಕ್‌ಗಳಲ್ಲಿ ಡಿಒಟಿ ಗುರುತೇ ಇರುವುದಿಲ್ಲ, ಕಂಪನಿಯವರದ್ದೇ ಬೇರೆ ಗುರುತು ಇರುತ್ತದೆ. ಅದನ್ನು ಅವರ ಡೀಲರನ್ನೇ ಕೇಳಿ ತಿಳಿದುಕೊಳ್ಳಬೇಕು.

ಎರಡನೆಯದು ಗಟ್ಟಿತನ. ಉಗುರಿನ ಪರೀಕ್ಷೆಯನ್ನು ಸುಮ್ನೆ ನಂಬಬೇಡಿ. ಈಗ ನೀವು ಮಾಡಿದ್ದು ಎರಡು ತುಂಡು ಪಕ್ಕಪಕ್ಕ ಇಟ್ಟುಕೊಂಡು. ಒಂದೇ ಟೈರ್ ಕೈಯಲ್ಲಿದ್ದರೆ ಉಗುರಿಗೆ ಹೋಲಿಸಲು ಏನೂ ಇಲ್ಲ, ಬಿಸಿಲಲ್ಲಿ ಇಟ್ಟಿದ್ದರೆ ಮೋಸವೂ ಹೋಗುತ್ತದೆ. ಡ್ಯೂರೋಮೀಟರ್ ಅಂತ ಒಂದು ಚಿಕ್ಕ ಉಪಕರಣ ಇದೆ, ಗಡಿಯಾರದ ಹಾಗೆ ಮುಳ್ಳು ಇರುತ್ತದೆ. ಒತ್ತಿದರೆ ಶೋರ್ ಎ ಅನ್ನುವ 0ಯಿಂದ 100ರ ಅಳತೆಯಲ್ಲಿ ಗಟ್ಟಿತನ ತೋರಿಸುತ್ತದೆ. ಅದೇ ಮಾದರಿಯ ಹೊಸ ಟೈರನ್ನೂ ನಿಮ್ಮದನ್ನೂ ಒಂದೇ ನೆರಳಲ್ಲಿ, ಒಂದೇ ಹೊತ್ತು ಇಟ್ಟು ಅಳೆಯಿರಿ. ಮಧ್ಯದಲ್ಲಿ, ಎರಡೂ ಬದಿಯಲ್ಲಿ, ನಾಲ್ಕಾರು ಕಡೆ. ನನ್ನನ್ನು ಬೀಳಿಸಿದ ಟೈರ್ ಹೊಸದಕ್ಕಿಂತ ಹತ್ತು ಅಂಕಕ್ಕೂ ಮೀರಿ ಗಟ್ಟಿಯಾಗಿತ್ತು. ಅಳೆದದ್ದು ಆಸ್ಪತ್ರೆಯಿಂದ ಬಂದ ಮೇಲೆ. ಆದರೆ ಡ್ಯೂರೋಮೀಟರ್ ‘ಬೇಡ’ ಅಂದರೆ ಮಾತ್ರ ನಂಬಿ. ‘ಆಗಬಹುದು’ ಅಂದರೆ ಪೂರ್ತಿ ನಂಬಬೇಡಿ. ಅದು ಮೇಲ್ಮೈಯನ್ನಷ್ಟೇ ಮುಟ್ಟುತ್ತದೆ, ಒಳಗಿನ ನೂಲಿನ ಸುದ್ದಿ ಅದಕ್ಕೆ ಗೊತ್ತಿಲ್ಲ.

ಮೂರನೆಯದು ಚರಿತ್ರೆ. ನನ್ನ ಮಟ್ಟಿಗೆ ಇದೇ ದೊಡ್ಡದು. ಎಲ್ಲಿತ್ತು, ಎಷ್ಟು ಸಲ ಬಿಸಿಯಾಗಿದೆ, ಯಾರು ಓಡಿಸಿದ್ದು? ರೇಸ್ ಮಾಡುವವರು ಒಂದೆರಡು ಸೆಷನ್ ಓಡಿಸಿ ತೆಗೆದ ಟೈರುಗಳು ಕಡಿಮೆ ಬೆಲೆಗೆ ಸಿಗುತ್ತವೆ. ರಬ್ಬರ್ ದಪ್ಪಕ್ಕೆ ಉಳಿದಿರುತ್ತದೆ, ಆಸೆ ಹುಟ್ಟುವುದು ಸಹಜ. ಕೇಳಿದರೆ ‘ಒಂದೇ ಸೆಷನ್’ ಅನ್ನುತ್ತಾರೆ. ಮಾರುವವರ ಮೇಲೆ ನನಗೆ ಕೋಪವಿಲ್ಲ, ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ. ಆದರೆ ಗೊತ್ತಿಲ್ಲದ ಟೈರಿನ ಮೇಲೆ ನಾನು ಮೊಣಕಾಲು ಉಜ್ಜುವುದಿಲ್ಲ.

ಇಡುವ ರೀತಿಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಕತ್ತಲು, ತಂಪು, ಒಣ ಜಾಗ. ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದ ಹಾಗೆ ಸುತ್ತಿ. ಪೆಟ್ರೋಲ್, ಎಣ್ಣೆ, ಥಿನ್ನರ್ ಹತ್ತಿರ ಬೇಡ. ಕಿಡಿ ಹಾರುವ ಮೋಟಾರು, ವೆಲ್ಡಿಂಗ್ ಮಾಡುವ ಜಾಗ ಅಂತೂ ಬೇಡವೇ ಬೇಡ, ಅಲ್ಲಿ ಓಝೋನ್ ಹುಟ್ಟುತ್ತದೆ, ಅದು ಎಳೆದು ಹಿಡಿದಿರುವ ರಬ್ಬರನ್ನು ಬಿರಿಯುತ್ತದೆ. ಕೊಕ್ಕೆಗೆ ನೇತುಹಾಕಬೇಡಿ. ನೀರು ಹೆಪ್ಪುಗಟ್ಟುವಷ್ಟು ಚಳಿಯಲ್ಲೂ ಇಡಬೇಡಿ. ಅಂಥ ಚಳಿಯಲ್ಲಿ ಸ್ಲಿಕ್ಕನ್ನು ಬಗ್ಗಿಸಿದರೆ ಕಾಂಪೌಂಡೇ ಬಿರಿಯಬಹುದು.

ಇಷ್ಟೆಲ್ಲ ಆದ ಮೇಲೆ ನೀವು ನನ್ನಿಂದ ಒಂದು ಅಂಕಿ ಕೇಳುತ್ತೀರಿ. ಇದು ನನ್ನ ತೀರ್ಮಾನ, ಯಾವ ನಿಯಮ ಪುಸ್ತಕದ್ದೂ ಅಲ್ಲ. ನಾನೇ ಇಟ್ಟ, ಸುತ್ತಿದ್ದು ಬಿಚ್ಚದ ಸ್ಲಿಕ್ ಎರಡು ವರ್ಷದ ಒಳಗಿದ್ದರೆ ಅಳೆದು ನೋಡಿ ಹಾಕುತ್ತೇನೆ. ಮೂರನೇ ವರ್ಷಕ್ಕೆ ಬಂದರೆ ಹಿಂದಿನ ಚಕ್ರಕ್ಕೂ ಹಿಂದೆ ಮುಂದೆ ನೋಡುತ್ತೇನೆ, ಮುಂದಿನ ಚಕ್ರಕ್ಕೆ ಹಾಕುವುದಿಲ್ಲ. ಒಂದು ಸೀಸನ್ ಓಡಿಸಿ ಎತ್ತಿಟ್ಟದ್ದನ್ನು ಮರು ವರ್ಷ ರೇಸ್ ವೇಗಕ್ಕೆ ಬಳಸುವುದಿಲ್ಲ. ಐದು ದಾಟಿದ್ದು ಹೇಗೇ ಇಟ್ಟಿರಲಿ, ನನಗೆ ಬೇಡ.

ಮಳೆ ಟೈರಿನ ವಿಷಯದಲ್ಲಿ ಇನ್ನೂ ಬಿಗಿ. ಮಳೆ ಟೈರನ್ನು ನಾವು ಅಪರೂಪಕ್ಕೆ ಬಳಸುತ್ತೇವೆ, ಹಾಗಾಗಿ ಅದು ಸವೆಯುವುದಿಲ್ಲ, ಗೂಡಿನಲ್ಲಿ ಕೂತು ಮುದಿಯಾಗುತ್ತದೆ. ಒದ್ದೆ ನೆಲ ಟೈರನ್ನು ಬಿಸಿಯಾಗಲು ಬಿಡುವುದಿಲ್ಲ, ತಣ್ಣಗಿದ್ದರೂ ಮೆತ್ತಗಿರಬೇಕು ಅನ್ನುವುದೇ ಆ ಟೈರಿನ ಇಡೀ ಗುಟ್ಟು. ಗೆರೆಗಳು ಎಷ್ಟೇ ಆಳವಾಗಿದ್ದರೂ ರಬ್ಬರ್ ಗಟ್ಟಿಯಾದರೆ ಅದು ಬರೀ ನೀರು ಸರಿಸುವ ಪ್ಲಾಸ್ಟಿಕ್.

ನನ್ನ ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅವನ್ನೂ ಇಲ್ಲಿ ಸೇರಿಸುತ್ತೇನೆ.

ಮೇಲಿನ ಪದರವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದರೆ ಒಳಗಿನ ಹೊಸ ರಬ್ಬರ್ ಸಿಗುವುದಿಲ್ಲವೇ ಅಂತ ಒಬ್ಬರು ಕೇಳಿದರು. ಗಾಳಿಯಿಂದ ಆದ ಹಾನಿ ಮೇಲ್ಭಾಗದಲ್ಲಿ ಜಾಸ್ತಿ, ಅದು ನಿಜ. ಹಾಗಾಗಿ ಉಜ್ಜಿದರೆ ಮೊದಲ ತಿರುವುಗಳಲ್ಲಿ ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಗಂಧಕದ ಗಂಟು, ಎಣ್ಣೆ ನಷ್ಟ ದಪ್ಪಕ್ಕೂ ಆಗಿರುತ್ತದೆ. ನೀವು ತೆಗೆದದ್ದು ಹಳೇತನವನ್ನಲ್ಲ, ಅದರ ಮೇಲಿನ ಸಿಪ್ಪೆಯನ್ನು. ರಾಸಾಯನಿಕ ಹಚ್ಚಿ ಮೆತ್ತಗೆ ಮಾಡುವುದೂ ಇದೇ ಥರ, ಇನ್ನೂ ಕೆಟ್ಟದ್ದು. ಅದು ಡ್ಯೂರೋಮೀಟರನ್ನೂ ಮೋಸ ಮಾಡುತ್ತದೆ, ಉಸಿರಾಡುವವರ ಎದೆಗೂ ಒಳ್ಳೆಯದಲ್ಲ.

‘ಟ್ರ್ಯಾಕ್‌ಗೆ ಬೇಡ ಸರ್, ರಸ್ತೆಗೆ ಹಾಕಿಕೊಂಡರೆ?’ ಅಂತ ಇನ್ನೊಬ್ಬರು. ಬೇಡ. ಸ್ಲಿಕ್ ಮೇಲೆ ರಸ್ತೆಗಲ್ಲ ಅಂತ ಬರೆದೇ ಇರುತ್ತದೆ. ರಸ್ತೆಯ ವೇಗಕ್ಕೆ ಅದು ಬಿಸಿಯೇ ಆಗುವುದಿಲ್ಲ, ನೀರು ಸರಿಸಲು ಗೆರೆಯೇ ಇಲ್ಲ. ಟ್ರ್ಯಾಕ್‌ನಲ್ಲಿ ಬಿದ್ದರೆ ಜಾರಿಕೊಂಡು ಹೋಗಲು ಜಾಗ ಇರುತ್ತದೆ. ರಸ್ತೆಯಲ್ಲಿ ಎದುರಿಂದ ಲಾರಿ ಬರುತ್ತಿರುತ್ತದೆ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತು, ‘ಹೊಸ ಸ್ಲಿಕ್‌ಗೆ ನನ್ನ ಹತ್ತಿರ ದುಡ್ಡಿಲ್ಲ, ಹಳೆಯದು ಬಿಟ್ಟಿ ಸಿಗುತ್ತದೆ, ಕಲಿಯುವುದು ಹೇಗೆ?’ ಅಂದಳು. ಆ ಸಂಜೆ ಬಂದ ಪ್ರಶ್ನೆಗಳಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಇದು. ಅವಳಿಗೆ ಹೇಳಿದ್ದನ್ನೇ ಬರೆಯುತ್ತೇನೆ. ಹೊಸ ಸ್ಪೋರ್ಟ್ ರಸ್ತೆ ಟೈರ್ ಹಾಕು. ಅದು ಬೇಗ ಬಿಸಿಯಾಗುತ್ತದೆ, ವಾರ್ಮರ್ ಬೇಕಿಲ್ಲ, ಒಂದು ಜೊತೆ ಎಷ್ಟೋ ಟ್ರ್ಯಾಕ್ ದಿನ ಬರುತ್ತದೆ. ಕಲಿಯುವ ವೇಗಕ್ಕೆ ಅದರ ಹಿಡಿತ ಧಾರಾಳ ಸಾಕು. ಎಲ್ಲಕ್ಕಿಂತ ಹೆಚ್ಚಾಗಿ, ಅದು ನಿನ್ನ ಹತ್ತಿರ ಮಾತಾಡುತ್ತದಮ್ಮ. ಜಾರುವ ಮುಂಚೆ ಹೇಳುವ ಟೈರಿನಲ್ಲಿ ಕಲಿತರೆ ಕಿವಿ ತೆರೆಯುತ್ತದೆ. ಏನೂ ಹೇಳದ ಟೈರಿನಲ್ಲಿ ಬಿದ್ದರೆ ಯಾಕೆ ಬಿದ್ದೆ ಅಂತಲೂ ಗೊತ್ತಾಗುವುದಿಲ್ಲ, ಭಯ ಮಾತ್ರ ಉಳಿಯುತ್ತದೆ.

‘ಹಾಗಾದರೆ ನನ್ನ ಹತ್ತಿರ ಇರುವ ಹಳೇ ಜೊತೆಯನ್ನು ಏನು ಮಾಡಲಿ?’ ಅಂತ ಅವಳೇ ಮತ್ತೆ ಕೇಳಿದಳು. ಪ್ಯಾಡಾಕ್, ಅಂದರೆ ತಂಡಗಳು ಬೀಡುಬಿಡುವ ಜಾಗದ ಕಸದ ರಾಶಿಗೆ ಹಾಗೇ ಹಾಕಬೇಡ. ಸಂಜೆಯೊಳಗೆ ಯಾರೋ ಎತ್ತಿಕೊಂಡು ಹೋಗಿ ಹಾಕಿಕೊಳ್ಳುತ್ತಾರೆ, ನಾನೇ ನೋಡಿದ್ದೇನೆ. ಗರಗಸ ತಗೊಂಡು ಎರಡೂ ಕಡೆ ಬೀಡ್ ತಂತಿಯನ್ನು ಪೂರ್ತಿ ಕತ್ತರಿಸಿ, ಆಮೇಲೆ ಹಳೇ ಟೈರ್ ತೆಗೆದುಕೊಳ್ಳುವವರಿಗೆ ಕೊಡು. ನಾನು ಬಿದ್ದ ಟೈರನ್ನೂ ಹಾಗೇ ಮಾಡಿದೆ. ಉಳಿಸಿಕೊಂಡದ್ದು ನಿಮ್ಮ ಕೈಯಲ್ಲಿ ಓಡಾಡಿದ ಆ ತುಂಡನ್ನು ಮಾತ್ರ.